ಐದು ಪತಾಕೆಗಳ ಕೆಳಗಿನ ಸಿಟ್ಟು

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದೆ: 1940, 1953, 1976, 1981 ಮತ್ತು 1987ರಲ್ಲಿ. ಬ್ಲೂಮಿಂಗ್ಟನ್ ಪಟ್ಟಣದ ಅಸೆಂಬ್ಲಿ ಹಾಲ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಆ ಐದು ವರ್ಷಗಳ ಪತಾಕೆಗಳನ್ನು ತೂಗುಹಾಕಲಾಗಿದೆ. ಆರನೆಯದಕ್ಕಾಗಿ ಅಭಿಮಾನಿಗಳು ಕಾಯಲು ತೊಡಗಿ ನಾಲ್ಕು ದಶಕಗಳಾಗುತ್ತ ಬಂತು. 2025ರ ಜನವರಿಯಲ್ಲಿ ಅದೇ ಅಂಗಣದಲ್ಲಿ ಇಲಿನಾಯ್ ಎದುರು ತಂಡ 69–94ರಿಂದ ಸೋತಿತು. ಆಗ ತವರಿನ ಪ್ರೇಕ್ಷಕರೇ ಕೋಚ್ ಮೈಕ್ ವುಡ್ಸನ್ ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಘೋಷಣೆ ಕೂಗಿದರು. ವುಡ್ಸನ್ ಎಲ್ಲಿಂದಲೋ ಬಂದವರಲ್ಲ. 1976ರಿಂದ 1980ರವರೆಗೆ ಇದೇ ತಂಡಕ್ಕೆ ಆಡಿ ಎರಡು ಸಾವಿರಕ್ಕೂ ಹೆಚ್ಚು ಅಂಕ ಗಳಿಸಿದವರು. ಮನೆಮಗನ ಮೇಲೆ ಮನೆಯವರೇ ಹೀಗೆ ತಿರುಗಿ ಬೀಳಲು ಒಂದೆರಡು ಸೋಲು ಸಾಲದು.

ಇಂಡಿಯಾನಾದಲ್ಲಿ ಈ ಆಟಕ್ಕಿರುವ ಸ್ಥಾನ ಅಮೆರಿಕದ ಉಳಿದ ರಾಜ್ಯಗಳಲ್ಲಿ ಅಪರೂಪ. 1997ರವರೆಗೆ ಅಲ್ಲಿನ ಪ್ರೌಢಶಾಲೆಗಳಿಗೆ ಒಂದೇ ರಾಜ್ಯ ಪಂದ್ಯಾವಳಿ ಇತ್ತು. ಸಾವಿರಾರು ವಿದ್ಯಾರ್ಥಿಗಳ ನಗರದ ಶಾಲೆಯೂ ಹಳ್ಳಿಯ ಶಾಲೆಯೂ ಅದರಲ್ಲೇ ಸೆಣಸಬೇಕಿತ್ತು. 1954ರಲ್ಲಿ 161 ವಿದ್ಯಾರ್ಥಿಗಳಿದ್ದ ಮಿಲಾನ್ ಎಂಬ ಸಣ್ಣ ಊರಿನ ಶಾಲೆ ಆ ಪ್ರಶಸ್ತಿ ಗೆದ್ದಿತು. 1986ರ ‘ಹೂಸಿಯರ್ಸ್’ ಚಲನಚಿತ್ರಕ್ಕೆ ಪ್ರೇರಣೆಯಾದದ್ದು ಈ ಗೆಲುವೇ. ಇಂಥ ಕಡೆ ಶಾಲಾ ಅಂಗಣದ ಬೆಂಚಿನ ಮೇಲೆ ಕೂತು ಬೆಳೆದವರಿಗೆ ಆಟದ ಒಳಗುಟ್ಟು ತಿಳಿದಿರುತ್ತದೆ, ಅಥವಾ ತಿಳಿದಿದೆ ಎಂಬ ನಂಬಿಕೆಯಾದರೂ ಇರುತ್ತದೆ. ಕೋಚ್ ಯಾರನ್ನು ಯಾವಾಗ ಆಡಿಸಿದರು ಎಂಬುದು ಅವರಿಗೆ ಊರಿನ ಪಂಚಾಯಿತಿಯ ವಿಷಯ.

ಈ ನಂಬಿಕೆಗೆ ಒಂದು ಅಳತೆಗೋಲನ್ನು ಕೊಟ್ಟವರು ಬಾಬ್ ನೈಟ್. 1971ರಿಂದ 2000ದವರೆಗೆ 29 ಋತುಗಳ ಕಾಲ ಕೋಚ್ ಆಗಿದ್ದ ಅವರು ಮೂರು ಪ್ರಶಸ್ತಿ ತಂದರು. 1976ರಲ್ಲಿ ಅವರ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಅದಾದ ಮೇಲೆ ಕಾಲೇಜು ಪುರುಷರ ಅಗ್ರ ವಿಭಾಗದಲ್ಲಿ ಒಂದೂ ಸೋಲಿಲ್ಲದೆ ಚಾಂಪಿಯನ್ ಆದ ತಂಡ ಬಂದಿಲ್ಲ. ನೈಟ್ ಅವರ ಇನ್ನೊಂದು ಮುಖವೂ ಅಷ್ಟೇ ಪ್ರಸಿದ್ಧ. 1985ರಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದ ನಡುವೆ ಕುರ್ಚಿಯನ್ನು ಅಂಗಣಕ್ಕೆ ಎಸೆದರು. ಅಭ್ಯಾಸದ ವೇಳೆ ಆಟಗಾರನ ಕತ್ತಿಗೆ ಕೈ ಹಾಕಿದ 1997ರ ದೃಶ್ಯ 2000ದಲ್ಲಿ ಬಯಲಾದಾಗ ವಿಶ್ವವಿದ್ಯಾಲಯ ಕೊನೆಯ ಎಚ್ಚರಿಕೆ ಕೊಟ್ಟು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರನ್ನು ವಜಾ ಮಾಡಿತು. ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. ಗೆದ್ದುಕೊಡುವವರೆಗೆ ಕೋಚ್‌ನ ನಡತೆಯನ್ನು ಎಷ್ಟು ಸಹಿಸಬಹುದು ಎಂಬ ಪ್ರಶ್ನೆಗೆ ಆ ಗುಂಪಿನಲ್ಲಿದ್ದವರ ಉತ್ತರ ಸ್ಪಷ್ಟವಾಗಿತ್ತು. ಅದು ಹೆಮ್ಮೆಪಡುವಂಥ ಉತ್ತರವೇನಲ್ಲ.

ಅಲ್ಲಿಂದ ಮುಂದಿನ 25 ವರ್ಷ ಬಂದವರು ಹೋದವರ ಪಟ್ಟಿ. ಮೈಕ್ ಡೇವಿಸ್ 2002ರಲ್ಲಿ ತಂಡವನ್ನು ಫೈನಲ್‌ವರೆಗೆ ಒಯ್ದರೂ 2006ರ ಹೊತ್ತಿಗೆ ನಿಲ್ಲಲಾಗಲಿಲ್ಲ. ಕೆಲ್ವಿನ್ ಸ್ಯಾಂಪ್ಸನ್, ಆಟಗಾರರನ್ನು ಸೆಳೆಯಲು ಮಾಡಿದ ದೂರವಾಣಿ ಕರೆಗಳಲ್ಲಿ ನಿಯಮ ಮೀರಿದ ಆರೋಪದ ನಡುವೆ 2008ರ ಫೆಬ್ರವರಿಯಲ್ಲಿ ಹೊರಬಿದ್ದರು. ಪಾಳು ಬಿದ್ದ ತಂಡ ಟಾಮ್ ಕ್ರೀನ್ ಕೈಗೆ ಬಂತು. ಅವರ ಮೊದಲ ಋತುವಿನಲ್ಲಿ 6 ಗೆಲುವು, 25 ಸೋಲು. ಆಗ ಅಭಿಮಾನಿಗಳು ಸಿಟ್ಟಾಗಲಿಲ್ಲ, ಕಾದರು. ಕ್ರೀನ್ 2013 ಮತ್ತು 2016ರಲ್ಲಿ ತಂಡ ಆಡುವ ಬಿಗ್ ಟೆನ್ ಲೀಗ್ ಗೆದ್ದುಕೊಟ್ಟರು. ತಂಡ ಎದ್ದು ನಿಂತಿತು, ಕಾಯುವ ವ್ಯವಧಾನ ಮುಗಿಯಿತು. 2017ರಲ್ಲಿ ಅವರಿಗೂ ಬೀಳ್ಕೊಡುಗೆ. ನಂತರ ಬಂದ ಆರ್ಚಿ ಮಿಲ್ಲರ್ ನಾಲ್ಕು ವರ್ಷದಲ್ಲಿ 67 ಗೆದ್ದು 58 ಸೋತರು, ಒಮ್ಮೆಯೂ ರಾಷ್ಟ್ರೀಯ ಪಂದ್ಯಾವಳಿಗೆ ತಂಡವನ್ನು ಮುಟ್ಟಿಸಲಿಲ್ಲ. 2020ರ ಪಂದ್ಯಾವಳಿಯೇ ಕೋವಿಡ್‌ನಿಂದ ರದ್ದಾಗಿತ್ತೆಂಬ ಸಮಾಧಾನವೂ ಅವರನ್ನು ಉಳಿಸಲಿಲ್ಲ.

ಮಾರ್ಚ್ ತಿಂಗಳ ಆ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾಗುವುದು 68 ತಂಡಗಳು. ಅಗ್ರ ವಿಭಾಗದಲ್ಲಿರುವುದು ಮುನ್ನೂರ ಐವತ್ತಕ್ಕೂ ಹೆಚ್ಚು. ಸಣ್ಣ ಕಾಲೇಜಿಗೆ ಅಲ್ಲಿ ಒಮ್ಮೆ ಕಾಲಿಡುವುದೇ ಹಬ್ಬ. ಇಂಡಿಯಾನಾದಂಥ ಕಡೆ ಅದು ವರ್ಷದ ಕನಿಷ್ಠ ಬಾಡಿಗೆ. ಸಮಬಲದ ಸಾಧನೆಯನ್ನು ಕೂಡ ಸೋಲೆಂದೇ ಎಣಿಸುವ ಲೆಕ್ಕ ಇಲ್ಲಿಂದ ಹುಟ್ಟುತ್ತದೆ.

ಅಭಿಮಾನಿಯ ತಕರಾರು ಯಾವಾಗಲೂ ಐವರ ಪಟ್ಟಿಯಿಂದ ಶುರುವಾಗುತ್ತದೆ. ಕಾಲೇಜು ಪುರುಷರ ಪಂದ್ಯ 20 ನಿಮಿಷಗಳ ಎರಡು ಅವಧಿಯದು. ಒಮ್ಮೆಗೆ ಐವರು ಆಡುವುದರಿಂದ ಕೋಚ್ ಹಂಚಬೇಕಾದದ್ದು ಒಟ್ಟು 200 ಆಟಗಾರ-ನಿಮಿಷಗಳು. ಹನ್ನೆರಡು ಹದಿಮೂರು ಮಂದಿ ಬೆಂಚಿನಲ್ಲಿದ್ದರೂ ಬಹುಪಾಲು ಕೋಚ್‌ಗಳು ಎಂಟೊಂಬತ್ತು ಮಂದಿಗಷ್ಟೇ ಅದನ್ನು ಹಂಚುತ್ತಾರೆ. ಕ್ರಿಕೆಟ್‌ನಲ್ಲಿ ಹನ್ನೊಂದರ ಆಯ್ಕೆ ಪಂದ್ಯಕ್ಕೆ ಮುಂಚೆಯೇ ಮುಗಿದಿರುತ್ತದೆ. ಇಲ್ಲಿ ಹೊರಬಂದವರು ಮತ್ತೆ ಒಳಹೋಗಬಹುದು, ಎಷ್ಟು ಸಲ ಬೇಕಾದರೂ. ಹೀಗಾಗಿ ಆಯ್ಕೆ ಸಮಿತಿಯ ಸಭೆ 40 ನಿಮಿಷವೂ ಎಲ್ಲರ ಕಣ್ಣೆದುರು ನಡೆಯುತ್ತದೆ ಎನ್ನಬಹುದು. ಪ್ರತಿ ಬದಲಾವಣೆಯೂ ಒಂದು ತೀರ್ಪು. ಅದರ ಫಲ ಮುಂದಿನ ಎರಡು ನಿಮಿಷದಲ್ಲೇ ಅಂಕಫಲಕದಲ್ಲಿ ಕಾಣುತ್ತದೆ.

ಐದು ಫೌಲ್ ಆದ ಆಟಗಾರ ಪಂದ್ಯದಿಂದ ಹೊರಗೆ. ಆದ್ದರಿಂದ ಮೊದಲ ಅವಧಿಯಲ್ಲೇ ಎರಡು ಫೌಲ್ ಮಾಡಿದ ಒಳ್ಳೆಯ ಆಟಗಾರನನ್ನು ವಿರಾಮದವರೆಗೆ ಕೂರಿಸುವುದು ಕೋಚ್‌ಗಳ ಹಳೆಯ ಪದ್ಧತಿ. ಮೂರನೆಯ, ನಾಲ್ಕನೆಯ ಫೌಲ್ ಬಾರದಂತೆ ಕಾಪಾಡಿಕೊಂಡು ಕೊನೆಯ ಗಳಿಗೆಗೆ ಉಳಿಸಿಕೊಳ್ಳುವುದು ಉದ್ದೇಶ. ಅಭಿಮಾನಿಯ ಪ್ರಶ್ನೆ ಸರಳ: ಅವನು ಕೂತ ಹತ್ತು ನಿಮಿಷದಲ್ಲಿ ಹದಿನೈದು ಅಂಕ ಹಿಂದೆ ಬಿದ್ದರೆ ಉಳಿಸಿಕೊಂಡು ಮಾಡುವುದೇನು? ಎಷ್ಟೋ ಬಾರಿ ಆ ಆಟಗಾರ ಪಂದ್ಯ ಮುಗಿದಾಗಲೂ ಮೂರೇ ಫೌಲ್‌ನಲ್ಲಿ ನಿಂತಿರುತ್ತಾನೆ. ಈ ಒಂದು ವಿಷಯದಲ್ಲಿ ಗ್ಯಾಲರಿಯ ತರ್ಕ ಬೆಂಚಿನ ತರ್ಕಕ್ಕಿಂತ ಗಟ್ಟಿ.

ವುಡ್ಸನ್ ಕಾಲದ ದೊಡ್ಡ ಜಗಳ ಇದಕ್ಕಿಂತ ಆಳವಾದದ್ದು. ಅದು ಅಂಗಣದ ಜಾಗಕ್ಕೆ ಸಂಬಂಧಿಸಿದ್ದು. 1986–87ರ ಋತುವಿನಲ್ಲಿ ಕಾಲೇಜು ಆಟಕ್ಕೆ ಮೂರು ಅಂಕದ ಗೆರೆ ಬಂತು. ಆ ವರ್ಷ ಸ್ಟೀವ್ ಆಲ್ಫರ್ಡ್ ಎಂಬ ಚತುರ ಎಸೆತಗಾರನಿದ್ದ ಇಂಡಿಯಾನಾ ತಂಡವೇ ಚಾಂಪಿಯನ್ ಆದದ್ದು ಈಗ ನೆನೆದರೆ ವಿಚಿತ್ರ. ಗೆರೆಯಾಚೆಯಿಂದ ಮೂರರಲ್ಲಿ ಒಂದು ಎಸೆತ ಬ್ಯಾಸ್ಕೆಟ್‌ಗೆ ಬಿದ್ದರೂ ಹತ್ತಿರದಿಂದ ಎರಡರಲ್ಲಿ ಒಂದು ಬಿದ್ದಷ್ಟೇ ಲಾಭ. ಲಾಭ ಅಂಕಗಳಿಗಷ್ಟೇ ಸೀಮಿತವೂ ಅಲ್ಲ. ದೂರದಿಂದ ಎಸೆಯಬಲ್ಲವರು ನಾಲ್ವರಿದ್ದರೆ ಎದುರಾಳಿಗಳು ಅವರ ಬೆನ್ನು ಹತ್ತಿ ಅಂಚಿಗೆ ಹೋಗಲೇಬೇಕು. ನಡುವೆ ಖಾಲಿ ಜಾಗ ತೆರೆಯುತ್ತದೆ. ಅಂಥವರು ಇಲ್ಲದಿದ್ದರೆ ಐವರೂ ಬ್ಯಾಸ್ಕೆಟ್‌ನ ಕೆಳಗೆ ಗುಂಪುಗೂಡಿ ದಾರಿ ಮುಚ್ಚುತ್ತಾರೆ. ವುಡ್ಸನ್ ಎತ್ತರದ ಇಬ್ಬರನ್ನು ಒಟ್ಟಿಗೆ ಆಡಿಸಲು ಇಷ್ಟಪಟ್ಟರು. 2023–24ರಲ್ಲಿ ಏಳಡಿಯ ಕೆಲೆಲ್ ವೇರ್ ಜೊತೆ ಮಲಿಕ್ ರೆನೊ, ಮುಂದಿನ ವರ್ಷ ರೆನೊ ಜೊತೆ ಊಮರ್ ಬಾಲೊ. ಮೂವರೂ ಸಮರ್ಥರು, ವೇರ್ ಅಂತೂ 2024ರಲ್ಲಿ ವೃತ್ತಿಪರ ಲೀಗ್ ಎನ್‌ಬಿಎ ಆಯ್ಕೆಯ ಮೊದಲ ಸುತ್ತಿನಲ್ಲೇ ಮಯಾಮಿ ತಂಡದ ಪಾಲಾದರು. ಆದರೆ ಇಬ್ಬರು ಒಳಗೆ ನಿಂತಾಗ ಅವರ ಕಾವಲಿಗೆ ಬಂದ ಇಬ್ಬರೂ ಒಳಗೇ ಉಳಿದರು, ಚೆಂಡು ಹಿಡಿದು ನುಗ್ಗುವವರಿಗೆ ಗೋಡೆಯೇ ಎದುರಾಯಿತು. ಬೇರೆಲ್ಲ ತಂಡಗಳು ಹೊರಗಿನಿಂದ ಎಸೆಯುವ ಕಾಲದಲ್ಲಿ ಇಂಡಿಯಾನಾ ಹೀಗೇಕೆ ಆಡುತ್ತಿದೆ ಎಂದು ಟಿಕೆಟ್ ಕೊಂಡವರು ಕೇಳಿದ್ದು ಅಜ್ಞಾನದಿಂದಲ್ಲ.

ಹಾಗೆಂದು ವುಡ್ಸನ್ ಏನೂ ಕೊಡಲಿಲ್ಲ ಎನ್ನುವಂತಿಲ್ಲ. ಎನ್‌ಬಿಎಯ ಅಟ್ಲಾಂಟಾ ಹಾಕ್ಸ್, ನ್ಯೂಯಾರ್ಕ್ ನಿಕ್ಸ್ ತಂಡಗಳ ಮುಖ್ಯ ಕೋಚ್ ಆಗಿದ್ದು 2021ರಲ್ಲಿ ಮರಳಿದ ಅವರು ಮೊದಲ ಎರಡು ವರ್ಷವೂ ತಂಡವನ್ನು ರಾಷ್ಟ್ರೀಯ ಪಂದ್ಯಾವಳಿಗೆ ಒಯ್ದರು. ಆ ವರ್ಷಗಳ ಆಧಾರ ಟ್ರೇಸ್ ಜಾಕ್ಸನ್-ಡೇವಿಸ್ ಎಂಬ ಒಬ್ಬ ಆಟಗಾರ. ಅವರು 2023ರಲ್ಲಿ ಹೋದ ಮೇಲೆ ತಂಡ 19–14ಕ್ಕೆ ಕುಸಿಯಿತು. 2024–25ರಲ್ಲಿ ಋತುವಿಗೆ ಮುಂಚಿನ ರಾಷ್ಟ್ರೀಯ ಪಟ್ಟಿಯಲ್ಲಿ ಸ್ಥಾನ ಪಡೆದೇ ಕಣಕ್ಕಿಳಿದರೂ ನವೆಂಬರಿನಲ್ಲಿ ಲೂಯಿವಿಲ್ ಎದುರು 61–89ರ ಪೆಟ್ಟು ಬಿತ್ತು.

ಅಂಗಣದಲ್ಲಿ ಕಾಣುವ ಐವರ ಆಯ್ಕೆ ಬಹುಮಟ್ಟಿಗೆ ಪಂದ್ಯದ ದಿನದ್ದಲ್ಲ, ಹಿಂದಿನ ಏಪ್ರಿಲ್–ಮೇ ತಿಂಗಳದ್ದು. 2018ರಲ್ಲಿ ಆರಂಭವಾದ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಗಣಕ ಪಟ್ಟಿಯಲ್ಲಿ ಹೆಸರು ಬರೆಸಿದ ಆಟಗಾರ ಬೇರೆ ಕಾಲೇಜು ಹುಡುಕಿಕೊಳ್ಳಬಹುದು. ಹಿಂದೆ ಹೀಗೆ ಹೋದವರು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಮೊದಲ ಬದಲಾವಣೆಗೆ ಆ ತಡೆ ಹೋಯಿತು, 2024ರ ಹೊತ್ತಿಗೆ ಎಷ್ಟು ಬಾರಿ ಬದಲಿಸಿದರೂ ತಡೆಯಿಲ್ಲ ಎಂದಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ಹಣ ಪಡೆಯಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ತಮ್ಮ ಕ್ರೀಡಾಪಟುಗಳಿಗೆ ಹಂಚಬಹುದು. ಇಬ್ಬರು ಎತ್ತರದವರಿಗೆ ದೊಡ್ಡ ಮೊತ್ತ ಕೊಟ್ಟು ಕರೆತಂದ ಕೋಚ್, ಜನವರಿಯಲ್ಲಿ ಒಬ್ಬನನ್ನು ಕೂರಿಸುವುದು ಸುಲಭವಲ್ಲ. ಕೂತವನು ಏಪ್ರಿಲ್‌ನಲ್ಲಿ ಹೊರಟೇಹೋಗುತ್ತಾನೆ. ಲೈನ್‌ಅಪ್ ಬದಲಿಸಿ ಎಂದು ಕೂಗುವವರಿಗೆ ಈ ಕಟ್ಟು ಕಾಣುವುದಿಲ್ಲ. ಆದರೆ ಆ ಖರೀದಿಯನ್ನೂ ಮಾಡಿದವರು ಅದೇ ಕೋಚ್ ಆದ್ದರಿಂದ ಹೊಣೆ ಬೇರೆಯವರ ಹೆಗಲಿಗೆ ಹೋಗುವುದೂ ಇಲ್ಲ.

ಸಿಟ್ಟಿಗೆ ತುಪ್ಪ ಸುರಿದದ್ದು ಅದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ. ತಲೆಮಾರುಗಳಿಂದ ಸೋಲಿಗೇ ಹೆಸರಾಗಿದ್ದ ಆ ತಂಡಕ್ಕೆ ಹೊಸ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ, ಬೇರೆ ಕಾಲೇಜುಗಳಿಂದ ಆಟಗಾರರನ್ನು ತಂದು 2024ರ ಒಂದೇ ಋತುವಿನಲ್ಲಿ 11 ಪಂದ್ಯ ಗೆದ್ದು ರಾಷ್ಟ್ರೀಯ ಪ್ಲೇಆಫ್ ತಲುಪಿದರು. ಕಾಯಿರಿ, ತಂಡ ಕಟ್ಟಲು ಕಾಲ ಬೇಕು ಎಂಬ ಮಾತು ಬ್ಲೂಮಿಂಗ್ಟನ್‌ನಲ್ಲಿ ಅಲ್ಲಿಂದ ಮುಂದೆ ಯಾರ ಕಿವಿಗೂ ಹೋಗದಾಯಿತು.

ಆದರೆ ಅದೇ ರಾಜ್ಯದಲ್ಲಿ, ಬದ್ಧ ಎದುರಾಳಿ ಪರ್ಡ್ಯೂ ವಿಶ್ವವಿದ್ಯಾಲಯ ನಡೆದ ದಾರಿ ಬೇರೆ. 1980ರಿಂದ 2005ರವರೆಗೆ ಜೀನ್ ಕೀಡಿ, ಆನಂತರ ಮ್ಯಾಟ್ ಪೇಂಟರ್: 1980ರಿಂದ ಈಚೆಗೆ ಇಬ್ಬರೇ ಕೋಚ್‌ಗಳು. 2012–13ರಲ್ಲಿ ಪೇಂಟರ್ ತಂಡ 16 ಗೆದ್ದು 18 ಸೋತಿತು, ಮರುವರ್ಷ 15–17. ಬ್ಲೂಮಿಂಗ್ಟನ್ ಆಗಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 2023ರಲ್ಲಿ ಪಂದ್ಯಾವಳಿಯ ಅಗ್ರ ಶ್ರೇಯಾಂಕಿತ ತಂಡಗಳಲ್ಲಿ ಒಂದಾಗಿ ಮೊದಲ ಸುತ್ತಿನಲ್ಲೇ ಫೇರ್ಲಿ ಡಿಕಿನ್ಸನ್ ಎಂಬ ಸಣ್ಣ ತಂಡಕ್ಕೆ ಸೋತು ದೇಶವೇ ನಗುವಂತಾದಾಗಲೂ ಅವರನ್ನು ಉಳಿಸಿಕೊಳ್ಳಲಾಯಿತು. ಮರುವರ್ಷ ಅದೇ ಪರ್ಡ್ಯೂ ಫೈನಲ್ ಆಡಿತು. ಒಬ್ಬರೇ ಕೋಚ್ ಇದ್ದರೆ ಗೆಲುವು ಖಚಿತ ಎಂದು ಇದರಿಂದ ಸಾಧಿಸಲಾಗದು. ಆಟದ ಶೈಲಿ ಒಂದೇ ಇದ್ದು, ಅದಕ್ಕೆ ತಕ್ಕ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಬೆಳೆಸಲು ಮಾತ್ರ ಸಾಧ್ಯವಾಗುತ್ತದೆ. ಇಂಡಿಯಾನಾ ಅಭಿಮಾನಿಗಳು ರೋಗವನ್ನು ಬಹುತೇಕ ಸರಿಯಾಗಿಯೇ ಗುರುತಿಸಿದ್ದರು. ಪ್ರತಿ ಸಲವೂ ಕೇಳಿದ ಮದ್ದು ಮಾತ್ರ ಒಂದೇ: ಕೋಚ್‌ನ ಬದಲಾವಣೆ.

ಆ ಮದ್ದು ದುಬಾರಿ. ಮಿಲ್ಲರ್ ಅವರ ಕರಾರನ್ನು ಮಧ್ಯದಲ್ಲೇ ಮುರಿಯಲು ಬೇಕಾದದ್ದು ಒಂದು ಕೋಟಿ ಡಾಲರ್‌ಗೂ ಹೆಚ್ಚು, ಅದನ್ನು ಭರಿಸಿದವರು ಖಾಸಗಿ ದಾನಿಗಳು. ಗ್ಯಾಲರಿಯ ಕೂಗಿಗಿಂತ ದಾನಿಗಳ ಮೌನ ಆಡಳಿತಕ್ಕೆ ಬೇಗ ಕೇಳಿಸುತ್ತದೆ. ಖಾಲಿ ಕುರ್ಚಿಗಳೂ ಅಷ್ಟೇ. ಹಣದ ಈ ಹರಿವು ಇನ್ನೊಂದು ಹಳೆಯ ಮರ್ಯಾದೆಯನ್ನೂ ಸಡಿಲಿಸಿದೆ. ಸಂಬಳವಿಲ್ಲದ ವಿದ್ಯಾರ್ಥಿಗಳೆಂಬ ಕಾರಣಕ್ಕೆ ಆಟಗಾರರನ್ನು ಬಿಟ್ಟು ಕೋಚ್‌ನನ್ನಷ್ಟೇ ಬೈಯುವುದು ರೂಢಿಯಾಗಿತ್ತು. ಈಗ ಆಟಗಾರರೂ ಹಣ ಪಡೆಯುವವರು. ಜೊತೆಗೆ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದಾರಿ ತೆರೆದ ಮೇಲೆ ಇಂಡಿಯಾನಾ ರಾಜ್ಯ 2019ರಲ್ಲಿ ಕ್ರೀಡಾ ಬೆಟ್ಟಿಂಗ್ ಆರಂಭಿಸಿತು; ಪಣ ಕಳೆದುಕೊಂಡವರ ಬೈಗುಳ ನೇರವಾಗಿ ಇಪ್ಪತ್ತರ ಹುಡುಗರ ಫೋನಿಗೆ ಬರುತ್ತದೆ. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಅಧ್ಯಕ್ಷ ಚಾರ್ಲಿ ಬೇಕರ್, ಒಬ್ಬೊಬ್ಬ ಆಟಗಾರನ ಸಾಧನೆಯ ಮೇಲೆ ಪಣ ಕಟ್ಟುವುದನ್ನು ನಿಷೇಧಿಸಿ ಎಂದು 2024ರಲ್ಲಿ ರಾಜ್ಯಗಳನ್ನು ಕೇಳಿಕೊಂಡರು.

2025ರ ಫೆಬ್ರವರಿ 7ರಂದು, ಋತುವಿನ ಕೊನೆಗೆ ವುಡ್ಸನ್ ಕೆಳಗಿಳಿಯುತ್ತಾರೆಂದು ಪ್ರಕಟವಾಯಿತು. ನಾಲ್ಕು ದಿನಗಳ ಬಳಿಕ ತಂಡ ಮಿಷಿಗನ್ ಸ್ಟೇಟ್ ಅನ್ನು ಅದರ ನೆಲದಲ್ಲೇ ಸೋಲಿಸಿತು. ತಿಂಗಳ ಕೊನೆಯಲ್ಲಿ ಬ್ಲೂಮಿಂಗ್ಟನ್‌ನಲ್ಲಿ ಪರ್ಡ್ಯೂ ಮೇಲೆ 73–58ರ ಗೆಲುವು. ಕೋಚ್ ಅವರೇ, ಆಟಗಾರರೂ ಅವರೇ. ರಾಷ್ಟ್ರೀಯ ಪಂದ್ಯಾವಳಿಗೆ ಅದು ಸಾಲಲಿಲ್ಲ, 19–13ರಲ್ಲಿ ಋತು ಮುಗಿಯಿತು. ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾದಿಂದ ಡೇರಿಯನ್ ಡಿವ್ರೀಸ್ ಹೊಸ ಕೋಚ್ ಆಗಿ ಬಂದರು. ರೆನೊ ಮಯಾಮಿ ವಿಶ್ವವಿದ್ಯಾಲಯ ಸೇರಿದರು, ಮೆಕೆಂಜಿ ಎಂಬಾಕೊ ಟೆಕ್ಸಸ್ ಎ ಅಂಡ್ ಎಂಗೆ, ಮೈಲ್ಸ್ ರೈಸ್ ಮೇರಿಲ್ಯಾಂಡ್‌ಗೆ ಹೋದರು. ಬಾಲೊ ಅವರ ಕಾಲೇಜು ಆಟದ ಅವಧಿಯೇ ಮುಗಿದಿತ್ತು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಚಳಿಗಾಲವಿಡೀ ನಡೆದ ವಾದದಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವು ಬೇಸಿಗೆಯ ಹೊತ್ತಿಗೆ ತಂಡದ ಪಟ್ಟಿಯಲ್ಲೇ ಇರಲಿಲ್ಲ.