ಬ್ರಾಯ್ಲರ್ ಕೋಳಿಯ ಎದೆಮಾಂಸ ಬೆಳೆಯುವ ಬಗೆ

ಬ್ರಾಯ್ಲರ್ ಮರಿ ಮೊಟ್ಟೆ ಒಡೆದು ಬಂದಾಗ ತೂಗುವುದು ಸುಮಾರು 40 ಗ್ರಾಂ. ಆರು ವಾರ ತುಂಬುವ ಹೊತ್ತಿಗೆ ಅದು ಎರಡು ಕಿಲೋ ದಾಟಿ ತಕ್ಕಡಿಗೆ ಬರುತ್ತದೆ. ಬೆಳಗಾವಿಯಿಂದ ಪೀರನವಾಡಿ ದಾಟಿ ಖಾನಾಪುರದ ಕಡೆ ಹೋದರೆ ಹಳ್ಳಿಯ ಹಿತ್ತಲಲ್ಲಿ ಕೆದರಿ ತಿಂದು ಬೆಳೆಯುವ ಜವಾರಿ ಕೋಳಿಗೆ ಅಷ್ಟು ತೂಕ ಬರಲು ತಿಂಗಳುಗಟ್ಟಲೆ ಬೇಕು. ಎಷ್ಟೋ ಹೇಂಟೆಗಳು ಆ ತೂಕ ಮುಟ್ಟುವುದೇ ಇಲ್ಲ. ಎರಡರಲ್ಲೂ ಇರುವುದು 39 ಜೋಡಿ ವರ್ಣತಂತುಗಳೇ, ಜೀನ್‌ಗಳೂ ಹೆಚ್ಚುಕಡಿಮೆ ಅವೇ. ಯಾವ ಜೀನ್ ಯಾವಾಗ, ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂಬುದರಲ್ಲೇ ವ್ಯತ್ಯಾಸ.

ಜೀನ್ ಎಂಬುದು ಡಿಎನ್ಎಯಲ್ಲಿ ಬರೆದಿಟ್ಟ ದಾಖಲೆ. ತಹಶೀಲ್ದಾರ್ ಕಚೇರಿಯ ಮೂಲ ದಾಖಲೆ ಅಲ್ಲೇ ಇದ್ದು, ಬೇಕಾದ ಹೊಲದ ಉತಾರವಷ್ಟೇ ಹೊರಗೆ ಬರುವಂತೆ, ಜೀವಕೋಶವೂ ತನಗೆ ಬೇಕಾದ ಜೀನ್‌ನ ನಕಲನ್ನು ಮಾತ್ರ ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ಆ ನಕಲನ್ನು ಓದಿ ಪ್ರೋಟೀನ್ ಕಟ್ಟಲಾಗುತ್ತದೆ. ಜೀನ್‌ನ ಅಭಿವ್ಯಕ್ತಿ ಎನ್ನುವುದು ಇದನ್ನೇ. ಕಣ್ಣಿನ ಕೋಶದಲ್ಲೂ ಸ್ನಾಯುವಿನ ಜೀನ್‌ಗಳಿವೆ. ಅಲ್ಲಿ ಅವುಗಳ ನಕಲು ತೆಗೆಯುವವರಿಲ್ಲ, ಅಷ್ಟೆ.

ಕೋಳಿಯ ಸ್ನಾಯು ಮೊಳೆಯುವುದು ಮೊಟ್ಟೆಯ ಒಳಗೆ. ಕಾವು ಕೊಟ್ಟ ಮೊದಲ ದಿನಗಳಲ್ಲೇ ಭ್ರೂಣದ ಕೆಲವು ಕೋಶಗಳಲ್ಲಿ ಮಯೋಡಿ, ಮಿಫ್-5 ಎಂಬ ಜೀನ್‌ಗಳು ಎಚ್ಚರಗೊಂಡು, ಅವು ಮುಂದೆ ಸ್ನಾಯುವೇ ಆಗಬೇಕೆಂದು ಗೊತ್ತುಮಾಡುತ್ತವೆ. ಆಮೇಲೆ ಮಯೋಜೆನಿನ್ ಎಂಬ ಜೀನ್‌ನ ಸರದಿ. ಅದರ ಪ್ರಭಾವದಲ್ಲಿ ಬಿಡಿಕೋಶಗಳು ಒಂದರೊಳಗೊಂದು ಬೆಸೆದು ಉದ್ದನೆಯ ಎಳೆಗಳಾಗುತ್ತವೆ. 21ನೇ ದಿನ ಮರಿ ಹೊರಬರುವಾಗ ಎಳೆಗಳ ಸಂಖ್ಯೆ ಬಹುಪಾಲು ನಿಗದಿಯಾಗಿರುತ್ತದೆ. ಅಲ್ಲಿಂದ ಮುಂದೆ ಎಳೆಗಳು ಹೆಚ್ಚುವುದಿಲ್ಲ, ದಪ್ಪ ಮತ್ತು ಉದ್ದ ಆಗುತ್ತವೆ.

ಹೀಗೆ ದಪ್ಪಗಾಗಲು ನೆರವಾಗುವವು ಎಳೆಗಳಿಗೆ ಅಂಟಿಕೊಂಡೇ ಇರುವ ಸ್ಯಾಟಲೈಟ್ ಕೋಶಗಳು. ಇವನ್ನು ಮೊದಲು ಗುರುತಿಸಿದವನು ಅಲೆಕ್ಸಾಂಡರ್ ಮೌರೊ, 1961ರಲ್ಲಿ, ಕಪ್ಪೆಯ ಸ್ನಾಯುವಿನಲ್ಲಿ. ಇವು ಒಡೆದು ಹೆಚ್ಚಿ, ಎಳೆಯೊಳಗೆ ಸೇರಿ ತಮ್ಮ ಕೋಶಕೇಂದ್ರವನ್ನು ಅದಕ್ಕೆ ಕೊಡುತ್ತವೆ. ಕೇಂದ್ರಗಳು ಹೆಚ್ಚಿದಷ್ಟೂ ನಕಲು ಹೆಚ್ಚು, ಪ್ರೋಟೀನ್ ಹೆಚ್ಚು. ಈ ಕೋಶಗಳು ಅತಿ ಚುರುಕಾಗಿರುವುದು ಮರಿಯ ಮೊದಲ ವಾರದಲ್ಲಿ. ಆಗ ಎರಡು ದಿನ ಹೊಟ್ಟೆಗೆ ಬೀಳದಿದ್ದರೆ ಎದೆಮಾಂಸಕ್ಕೆ ಪೆಟ್ಟು. ಅನುಭವಿ ಸಾಕಣೆದಾರರು ಮರಿ ಇಳಿಸಿದ ದಿನವೇ ನಾಲ್ಕಾರು ಮರಿಗಳನ್ನು ಕೈಗೆತ್ತಿಕೊಂಡು, ಗಂಟಲ ಕೆಳಗಿನ ಚೀಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುವುದು ಸುಮ್ಮನೆ ಅಲ್ಲ: ಅದು ಮೆತ್ತಗೆ ತುಂಬಿದ್ದರೆ ಮರಿ ಕಾಳು, ನೀರು ಎರಡನ್ನೂ ಕಂಡಿದೆ. ಖಾನಾಪುರದ ಮಳೆಗಾಲದಲ್ಲಿ ಶೆಡ್ಡಿಗೆ ತಾಡಪತ್ರಿ ಇಳಿಬಿಟ್ಟು, ಭತ್ತದ ಹೊಟ್ಟನ್ನು ಒಣಗಿದ್ದಂತೆಯೇ ಇಟ್ಟು, ಬ್ರೂಡರಿನ ಕೆಳಗೆ 32ರಿಂದ 34 ಡಿಗ್ರಿ ಶಾಖ ಕಾಯುವುದೂ ಅದೇ ವಾರಕ್ಕಾಗಿ. ಚಳಿಗೆ ಮುದುಡಿ ಗುಂಪುಗೂಡಿದ ಮರಿ ತಿನ್ನುವುದಿಲ್ಲ.

ತಿಂದದ್ದು ಜೀನ್‌ಗಳಿಗೂ ಸುದ್ದಿ ಮುಟ್ಟಿಸುತ್ತದೆ. ಗೋವಿನಜೋಳ ಶಕ್ತಿ ಕೊಟ್ಟರೆ, ಸೋಯಾ ಹಿಂಡಿ ಅಮೈನೋ ಆಮ್ಲಗಳನ್ನು ಕೊಡುತ್ತದೆ. ಎರಡೂ ಬೆಳಗಾವಿ ಜಿಲ್ಲೆಯ ಹೊಲದ ಬೆಳೆಗಳೇ. ಸೋಯಾದಲ್ಲಿ ಕೊರತೆಯಾಗುವ ಮೆಥಿಯೋನಿನ್ನನ್ನು ಬೇರೆಯಾಗಿ ಬೆರೆಸುತ್ತಾರೆ. ಅಮೈನೋ ಆಮ್ಲ ಸಾಕಷ್ಟಿದ್ದಾಗ ಎಮ್‌ಟಾರ್ ಎಂಬ ಪ್ರೋಟೀನ್ ಕೋಶಕ್ಕೆ ಕಟ್ಟುವ ಕೆಲಸ ಮುಂದುವರಿಸಲು ಸನ್ನೆ ಕೊಡುತ್ತದೆ. ಐಜಿಎಫ್-1 ಎಂಬ ಹಾರ್ಮೋನು ಅದಕ್ಕೆ ಒತ್ತಾಸೆ. ಬ್ರೇಕು ಹಾಕುವವನೂ ಒಬ್ಬನಿದ್ದಾನೆ, ಮಯೋಸ್ಟಾಟಿನ್. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಆ ಜೀನನ್ನು ಇಲಿಗಳಲ್ಲಿ ಕೆಡಿಸಿದಾಗ ಅವುಗಳ ಸ್ನಾಯು ಎರಡು ಪಟ್ಟಿಗೂ ಮೀರಿ ಬೆಳೆಯಿತು. ಬ್ರಾಯ್ಲರ್ ಹುಟ್ಟಿದ್ದು ಹಾಗಲ್ಲ. ಅದರ ಬೆಳವಣಿಗೆ ನೂರಾರು ಜೀನ್‌ಗಳ ಸಣ್ಣಸಣ್ಣ ಬದಲಾವಣೆಗಳ ಒಟ್ಟು ಫಲ.

ಆ ಬದಲಾವಣೆ ತಲೆಮಾರುಗಳ ಆಯ್ಕೆಯಿಂದ ಬಂದದ್ದು. ಕಾರ್ನಿಷ್ ಹುಂಜ, ಬಿಳಿ ಪ್ಲಿಮತ್ ರಾಕ್ ಹೇಂಟೆ, ಇವು ಮೂಲ ತಳಿಗಳು. ಕಾರ್ನಿಷ್‌ನ ರಕ್ತದಲ್ಲಿ ನಮ್ಮ ಅಸೀಲ್ ಹುಂಜದ ಪಾಲಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಮೇವು ಹಾಕಿ ಬೆಳೆಸಿದರು. 56 ದಿನಕ್ಕೆ ಅವು ತೂಗಿದ್ದು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ. ಇದೇ ಆಯ್ಕೆಯನ್ನು ಹಿತ್ತಲಿಗೆ ಒಗ್ಗುವಂತೆ ಹದವಾಗಿ ಬಳಸಿದ್ದಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ಸಾಕ್ಷಿ. ಅದು ಜವಾರಿಗಿಂತ ಬೇಗ, ಬ್ರಾಯ್ಲರ್‌ಗಿಂತ ನಿಧಾನವಾಗಿ ಬೆಳೆಯುತ್ತದೆ.

ಹೀಗಾಗಿ ‘ಇಂಜೆಕ್ಷನ್ ಕೊಟ್ಟು ಉಬ್ಬಿಸಿದ ಕೋಳಿ’ ಎಂಬ ಸಂತೆಯ ಮಾತಿಗೆ ಆಧಾರವಿಲ್ಲ. ಬೆಳವಣಿಗೆಯ ಹಾರ್ಮೋನು ಪ್ರೋಟೀನ್ ಆದ್ದರಿಂದ ಮೇವಿನಲ್ಲಿ ಬೆರೆಸಿದರೆ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳಿಗೆ ದಿನವೂ ಚುಚ್ಚುತ್ತ ಕೂತರೆ ಸಾಕಣೆದಾರನಿಗೆ ಗಿಟ್ಟುವುದಿಲ್ಲ. ಮರಿಗಳ ಕಣ್ಣಿಗೆ ಹನಿಸುವುದು, ನೀರಲ್ಲಿ ಬೆರೆಸುವುದು ರಾಣಿಖೇತ್, ಗುಂಬೊರೊ ರೋಗಗಳ ಲಸಿಕೆ. ಆಂಟಿಬಯಾಟಿಕ್‌ಗಳ ವಿಷಯ ಬೇರೆ, ಅಲ್ಲಿ ಆತಂಕಕ್ಕೆ ಕಾರಣವಿದೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಔಷಧ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಬೆಳವಣಿಗೆಯ ಈ ವೇಗಕ್ಕೆ ಕೋಳಿಯೂ ಬೆಲೆ ತೆರುತ್ತದೆ. ಎದೆಯ ಎಳೆಗಳು ಮಿತಿಮೀರಿ ದಪ್ಪಗಾದಾಗ ನಡುವಿನ ರಕ್ತನಾಳಗಳು ಸಾಲದೆ ಆಮ್ಲಜನಕ ಕಡಿಮೆ ಬೀಳುತ್ತದೆ. ಎಳೆಗಳು ಸತ್ತ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಎದೆಮಾಂಸದ ಮೇಲೆ ಎಳೆಗಳ ಗುಂಟ ಕಾಣುವ ಬಿಳಿ ಗೆರೆಗಳು ಇದರದೇ ಗುರುತು. ಕೆಲವೊಮ್ಮೆ ತುಂಡು ಮರದಂತೆ ಗಟ್ಟಿಯಾಗುತ್ತದೆ. ಫಿನ್ಲೆಂಡಿನ ವಿಜ್ಞಾನಿಗಳು 2014ರಲ್ಲಿ ಈ ದೋಷವನ್ನು ವಿವರಿಸಿದರು. ಅಂಥ ಮಾಂಸ ತಿಂದರೆ ಅಪಾಯವಿಲ್ಲ, ಆದರೆ ಕೊಬ್ಬು ಹೆಚ್ಚು, ಪ್ರೋಟೀನ್ ಕಡಿಮೆ. ಅಂಗಡಿಯಲ್ಲಿ ಕೊಳ್ಳುವಾಗ ಬಿಳಿ ಗೆರೆ ದಟ್ಟವಾಗಿದ್ದರೆ ಬೇರೆ ತುಂಡು ಕೇಳಿ ಪಡೆಯುವುದು ಒಳ್ಳೆಯದು.