ಬರೀ ಹಠವೇ, ಅಥವಾ ಕಾಯಿಲೆಯೇ?

"ಇವನಿಗೆ ಏನು ಹೇಳಿದರೂ ಉಲ್ಟಾ." ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಇದು ಹೊಸ ದೂರಲ್ಲ. ತಂದೆ ದುಡಿಯಲು ಮುಂಬೈ, ಪುಣೆ ಸೇರಿದ್ದರೆ "ಅಪ್ಪನ ಪೆಟ್ಟಿಲ್ಲದೆ ಕೆಟ್ಟ" ಎಂದು ನೆರೆಯವರು ತೀರ್ಪನ್ನೂ ಕೊಟ್ಟುಬಿಡುತ್ತಾರೆ.

ಎರಡು ಮೂರು ವರ್ಷದ ಮಗುವಿನ ಹಠ, ಹದಿಹರೆಯದ ವಾದ ಸಹಜ. ಆದರೆ ಸಿಟ್ಟು, ಎದುರುತ್ತರ, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಇತರರ ಮೇಲೆ ಹಾಕುವುದು, ಸೇಡಿನ ಬುದ್ಧಿ ಇಂಥವು 6 ತಿಂಗಳಾದರೂ ಬಿಡದೆ, ಒಡಹುಟ್ಟಿದವರಲ್ಲದ ಬೇರೆಯವರೊಂದಿಗೂ ನಡೆದು, ಓದು ಮತ್ತು ಸಂಬಂಧ ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಅಪೋಸಿಷನಲ್ ಡಿಫಯಂಟ್ ಡಿಸಾರ್ಡರ್ ಎಂದು ಅನುಮಾನಿಸುತ್ತಾರೆ. ಕಳ್ಳತನ, ಪ್ರಾಣಿಹಿಂಸೆ, ಆಯುಧ ಹಿಡಿಯುವುದು ಸೇರಿದರೆ ಅದು ಇನ್ನೂ ಗಂಭೀರವಾದ ನಡವಳಿಕೆಯ ಕಾಯಿಲೆ.

ಮೊಬೈಲ್ ಇಡು ಎನ್ನುತ್ತೀರಿ. ಮಗು ಚೀರುತ್ತದೆ. ಮನೆಗೆಲಸದ ನಡುವೆ ಸೋತು ಬಿಟ್ಟುಬಿಡುತ್ತೀರಿ. ಚೀರಿದರೆ ಗೆಲುವು ಎಂದು ಮಗು ಕಲಿಯಿತು. ಬಿಟ್ಟುಕೊಟ್ಟರೆ ಶಾಂತಿ ಎಂದು ನೀವೂ ಕಲಿತಿರಿ. ಮರುದಿನ ಬಾರಿಸುತ್ತೀರಿ, ಅದು ಇನ್ನೂ ಜೋರಾಗಿ ಚೀರುತ್ತದೆ. ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಈ ಸುಳಿಯನ್ನೇ. ಪೆಟ್ಟು ಆ ಗಳಿಗೆಗೆ ಬಾಯಿ ಮುಚ್ಚಿಸುತ್ತದೆ, ಅಷ್ಟೆ.

ಆದ್ದರಿಂದಲೇ ಮುಖ್ಯ ಚಿಕಿತ್ಸೆ ತಂದೆತಾಯಿಗೆ ಕೊಡುವ ತರಬೇತಿ. ಒಂದು ಸಲಕ್ಕೆ ಒಂದೇ ಮಾತು, ಅದೂ ಚಿಕ್ಕದು. ಕೇಳಿದ ಕೂಡಲೇ ಮೆಚ್ಚುಗೆ. ದಿನಕ್ಕೆ ಹತ್ತು ನಿಮಿಷ ಮಗು ಬಯಸಿದ ಆಟ. ಶಿಕ್ಷೆ ಸಣ್ಣದಿರಲಿ, ಆದರೆ ಹೇಳಿದಂತೆ ನಡೆಯಲಿ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಗುಟ್ಟಾಗಿ ಕೊಡಬಾರದು (ಇದೇ ಎಲ್ಲಕ್ಕಿಂತ ಕಷ್ಟ!). ಈ ಕಾಯಿಲೆಗೆಂದೇ ಮಾತ್ರೆಯಿಲ್ಲ. ಆದರೆ ಹಠದ ಹಿಂದೆ ಎಡಿಎಚ್‌ಡಿ, ಕಲಿಕೆಯ ತೊಂದರೆ, ಖಿನ್ನತೆ ಅಡಗಿರಬಹುದು. ಅವಕ್ಕೆ ಚಿಕಿತ್ಸೆ ಇದೆ. ಅಕ್ಷರ ಕೂಡಿಸಲಾಗದ ಹುಡುಗ ಪುಸ್ತಕ ಎಸೆಯುವುದು ಸೊಕ್ಕಿನಿಂದಲೇ ಎನ್ನಲಾಗದು.

ಇಂಥ ಮಕ್ಕಳನ್ನು ಕೆಲವರು ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೆ ಕರೆದೊಯ್ಯುತ್ತಾರೆ. ಹಿಂದೂ ನೆರೆಯವರು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ. ದುವಾ ಇರಲಿ, ಜೊತೆಗೆ ದವಾ ಕೂಡ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರೇ ಬಂದು ಕೂತು ರೋಗಿಗಳನ್ನು ನೋಡುವ ವ್ಯವಸ್ಥೆ ನಡೆದಿದೆ.

ನಮ್ಮಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಉಚಿತ, ದಿನವಿಡೀ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಮಗು ಯಾವಾಗ, ಯಾರೊಂದಿಗೆ, ಯಾವ ಕಾರಣಕ್ಕೆ ಕೆರಳಿತು ಎಂದು ಒಂದು ವಾರ ಬರೆದಿಟ್ಟ ಚೀಟಿ ಒಯ್ಯಿರಿ. ಶಾಲೆಯ ಮೇಷ್ಟ್ರನ್ನೂ ಒಂದು ಮಾತು ಕೇಳಿಕೊಂಡು ಹೋಗಿ.