ಮನೆಯ ಕಾಫಿಗೆ ಯಾವ ವಿಧಾನ? ಉತ್ತರದಲ್ಲಿದೆ ಪುಡಿ ವರ್ತಕರ ಭವಿಷ್ಯ

ಅರಸೀಕೆರೆಯಿಂದ ಹಳೇಬೀಡಿನ ಮೂಲಕ ಬೇಲೂರಿನತ್ತ ಸಾಗಿದಂತೆ ತೆಂಗಿನ ಸೀಮೆ ಹಿಂದುಳಿದು ಕಾಫಿಯ ಸೀಮೆ ಸಮೀಪಿಸುತ್ತದೆ. ಅರಸೀಕೆರೆ ಕೊಬ್ಬರಿ ವಹಿವಾಟಿಗೆ ಹೆಸರಾದರೆ, ಬೇಲೂರು ತಾಲ್ಲೂಕಿನ ಮಲೆನಾಡು ಭಾಗ ಕಾಫಿ ತೋಟಗಳಿಗೆ ಹೆಸರಾಗಿದೆ. ತೋಟ ಇಷ್ಟು ಹತ್ತಿರವಿದ್ದರೂ ಕಾರ್ಖಾನೆಯ ಪೊಟ್ಟಣ ಹಾಗೂ ಇನ್‌ಸ್ಟಂಟ್ ಕಾಫಿಯೊಡನೆ ಸ್ಪರ್ಧಿಸಬೇಕಾದ ಸ್ಥಿತಿ ಸ್ಥಳೀಯ ಪುಡಿ ವರ್ತಕರದು. ಈ ಸ್ಪರ್ಧೆಯಲ್ಲಿ ಅವರಿಗಿರುವ ಅನುಕೂಲವೆಂದರೆ, ಗ್ರಾಹಕರ ಮನೆಯ ವಿಧಾನಕ್ಕೆ ತಕ್ಕಂತೆ ಪುಡಿಯನ್ನು ಆಗಿಂದಾಗ್ಗೆ ಬೀಸಿಕೊಡುವ ಸಾಮರ್ಥ್ಯ.

ಈ ಅನುಕೂಲ ಹಿಂದೆ ಇಷ್ಟರಮಟ್ಟಿಗೆ ಇರಲಿಲ್ಲ. 1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ಮಾರಾಟಕ್ಕೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಈ ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರರಿಗೆ ಮುಕ್ತ ಮಾರಾಟದ ಅವಕಾಶ ದೊರೆಯಿತು. ಅಂದಿನಿಂದ ಸಣ್ಣ ಹುರಿಗಾರರೂ ತೋಟದವರೊಡನೆ ನೇರ ವ್ಯವಹಾರ ನಡೆಸಬಹುದಾಗಿದೆ.

ವಿಧಾನಗಳ ಗುಣಾವಗುಣ

ಎರಡು ಅಂತಸ್ತಿನ ಸ್ಟೀಲ್ ಅಥವಾ ಹಿತ್ತಾಳೆಯ ಫಿಲ್ಟರ್ ಹಾಲು ಬೆರೆಸಿ ಕುಡಿಯುವ ಕುಟುಂಬಕ್ಕೆ ಅತ್ಯಂತ ಸೂಕ್ತ. ಮೇಲಿನ ಪಾತ್ರೆಯಲ್ಲಿ ಪುಡಿ ಹಾಕಿ, ಬಿಲ್ಲೆಯಿಂದ ಹಗುರವಾಗಿ ಒತ್ತಿ, ಕುದಿಯುವ ನೀರು ಸುರಿದರೆ ಸುಮಾರು 15ರಿಂದ 20 ನಿಮಿಷಗಳಲ್ಲಿ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಪುಡಿ ತೀರಾ ನುಣುಪಾದರೆ ರಂಧ್ರ ಕಟ್ಟಿಕೊಳ್ಳುತ್ತದೆ. ತರಿಯಾದರೆ ನೀರು ಬೇಗ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. ಫಿಲ್ಟರ್ ತಯಾರಕರೂ ರಂಧ್ರಗಳ ಸಮತೆ ಹಾಗೂ ಎರಡು ಪಾತ್ರೆಗಳ ಜೋಡಣೆಯ ಬಗ್ಗೆ ಗಮನ ಹರಿಸಬೇಕು.

ಕುದಿದ ನೀರಿಗೆ ಪುಡಿ ಹಾಕಿ ಬಟ್ಟೆಯಲ್ಲಿ ಸೋಸುವ ಕ್ರಮಕ್ಕೆ ಉಪಕರಣದ ವೆಚ್ಚವಿಲ್ಲ. ನೆಂಟರಿಷ್ಟರು ಸೇರಿದಾಗ ಒಂದೇ ಬಾರಿಗೆ ಹೆಚ್ಚು ಕಾಫಿ ಮಾಡಬಹುದು. ಆದರೆ ಪುಡಿಯನ್ನು ನೀರಿನೊಡನೆ ಬಹಳ ಹೊತ್ತು ಕುದಿಸಿದರೆ ಕಹಿ ಹೆಚ್ಚುತ್ತದೆ. ಬಟ್ಟೆಯನ್ನು ಪ್ರತಿ ಸಲವೂ ತೊಳೆದು ಒಣಗಿಸದಿದ್ದರೆ ಹಳೆಯ ವಾಸನೆ ಸೇರುತ್ತದೆ.

ಇನ್‌ಸ್ಟಂಟ್ ಕಾಫಿ ಈಗಾಗಲೇ ತಯಾರಿಸಿದ ದ್ರಾವಣವನ್ನು ಒಣಗಿಸಿದ ಪದಾರ್ಥ. ಒಬ್ಬರೇ ಇರುವವರಿಗೆ, ಅವಸರದಲ್ಲಿರುವವರಿಗೆ ಇದು ಅನುಕೂಲ. ಸಮಯ ಉಳಿಯುತ್ತದೆ, ಹೊಸದಾಗಿ ಬೀಸಿದ ಪುಡಿಯ ಪರಿಮಳ ದೊರೆಯುವುದಿಲ್ಲ. ಹಾಲಿಲ್ಲದ ಕಾಫಿ ಬಯಸುವವರು ಫ್ರೆಂಚ್ ಪ್ರೆಸ್ ಬಳಸಬಹುದು. ಇದಕ್ಕೆ ತರಿತರಿಯಾದ ಪುಡಿ ಬೇಕು. ನೆನೆಯಲು ಸುಮಾರು 4 ನಿಮಿಷ ಸಾಕು. ಫಿಲ್ಟರಿಗೆಂದು ಬೀಸಿದ ಪುಡಿಯನ್ನು ಇದರಲ್ಲಿ ಹಾಕಿದರೆ ಲೋಟದ ತಳದಲ್ಲಿ ಗಷ್ಟು ನಿಲ್ಲುತ್ತದೆ.

ಚಿಕೋರಿಯ ಲೆಕ್ಕ

ಚಿಕೋರಿ ಡಿಕಾಕ್ಷನ್‌ಗೆ ಬಣ್ಣವನ್ನೂ ಮಂದತೆಯನ್ನೂ ನೀಡುತ್ತದೆ, ಬೆಲೆಯನ್ನೂ ಇಳಿಸುತ್ತದೆ. ಆದುದರಿಂದ ಹಾಲಿನ ಕಾಫಿಗೆ ಇದನ್ನು ಬಯಸುವವರು ಬಹಳ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ತೂಕದ ಶೇ. 51ಕ್ಕೆ ಕಡಿಮೆಯಿಲ್ಲದಂತೆ ಕಾಫಿ ಇರಬೇಕು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಚಿಕೋರಿ ಬೆರೆತದ್ದನ್ನು ಶುದ್ಧ ಕಾಫಿಯೆಂದು ಮಾರುವುದು ಕಾನೂನಿಗೂ ವಿರುದ್ಧ, ವ್ಯಾಪಾರದ ನಂಬಿಕೆಗೂ ವಿರುದ್ಧ.

ವರ್ತಕರು ಮಾಡಬೇಕಾದುದು

ಗ್ರಾಹಕರು ಕಾಲು ಕಿಲೋ ಪುಡಿ ಕೇಳಿದಾಗ, ಮನೆಯಲ್ಲಿ ಯಾವುದರಲ್ಲಿ ಕಾಫಿ ಮಾಡುತ್ತಾರೆಂದು ವಿಚಾರಿಸುವುದು ಮೊದಲ ಕೆಲಸ. ವಿಧಾನಕ್ಕೆ ಹೊಂದದ ಪುಡಿ ಒಯ್ದವರು ದೂರುವುದು ಉಪಕರಣವನ್ನಲ್ಲ, ಅಂಗಡಿಯನ್ನು. ಅಂತಹವರು ಮರಳಿ ಬರುವುದೂ ಅನುಮಾನ. ಬೀಸಿದ ಪುಡಿ ಬೇಗನೆ ಪರಿಮಳ ಕಳೆದುಕೊಳ್ಳುವುದರಿಂದ ವಾರಕ್ಕೆ ಸಾಲುವಷ್ಟನ್ನೇ ಒಯ್ದು, ಗಾಳಿಯಾಡದ ಡಬ್ಬಿಯಲ್ಲಿಡುವಂತೆ ಸಲಹೆ ನೀಡುವುದು ಲೇಸು. ಒಂದೇ ಬಾರಿಯ ಮಾರಾಟ ಕಡಿಮೆಯಾದರೂ ಗ್ರಾಹಕರು ವಾರವಾರವೂ ಅಂಗಡಿಗೆ ಬರುತ್ತಾರೆ.

ಬೇಲೂರು ಹಾಗೂ ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿಗೆ ಬರುವ ಯಾತ್ರಿಕರಿಗೆ ನೂರು ಗ್ರಾಮಿನ ಪೊಟ್ಟಣಗಳನ್ನು ಒದಗಿಸಬಹುದು. ಬೀಜದ ಜಾತಿ, ಹುರಿದ ದಿನಾಂಕ, ಚಿಕೋರಿಯ ಪ್ರಮಾಣ ಮತ್ತು ಯಾವ ವಿಧಾನಕ್ಕೆ ಬೀಸಿದ ಪುಡಿ ಎಂಬ ನಾಲ್ಕು ವಿವರಗಳು ಅದರ ಮೇಲಿರಲಿ. ದೂರದ ಊರಿನ ಮನೆಯಲ್ಲಿ ಆ ಪುಡಿಯಿಂದ ಒಳ್ಳೆಯ ಕಾಫಿ ಇಳಿದರೆ, ಅಂಗಡಿಗೆ ಬೇರೆ ಜಾಹೀರಾತಿನ ಅಗತ್ಯ ಬೀಳದು.